ಏಳು ಮಕ್ಕಳ ಫೋಟೋ

ಐದು ವರ್ಷದ ಹಿಂದೆ ತಾನೇ ತೆಗೆದ ಆ ಫೋಟೋವನ್ನು ತಾಹೇರ ಮತ್ತೆ ನೋಡಿದ್ದು ತಂಗಿಯ ಮೊಬೈಲಿನಲ್ಲಿ. ೨೦೧೮ರ ಜೂನ್ ತಿಂಗಳು, ಮುಂಜಾನೆ ಚಹಾದ ಹೊತ್ತು. ಗಂಗಾವತಿಯ ಹಳೇ ಓಣಿಯ ಆ ಮನೆಯಲ್ಲಿ ಇದ್ದವರು ಅಣ್ಣ-ತಂಗಿ ಇಬ್ಬರೇ. ತಂಗಿ ಹಸೀಬಾ ಉರ್ದು ಶಾಲೆಯಲ್ಲಿ ಟೀಚರು; ಗಂಡ ತೀರಿಹೋದ ಮೇಲೆ ತವರಿಗೆ ಬಂದವಳು. ಅಂದು ಒಲೆಯ ಮೇಲಿನ ಹಾಲು ಉಕ್ಕುವುದನ್ನೂ ಮರೆತು ಮೊಬೈಲ್ ಹಿಡಿದುಕೊಂಡು ಓಡಿಬಂದಳು.

"ಭಾಯಿ, ಇದನ್ನ ನೋಡು. ಯಲಬುರ್ಗಾ ಕಡೆ ಆಗೈತಂತ. ಯಾ ಅಲ್ಲಾ, ಏಳು ಕೂಸು!"

ನೀಲಿ ತಾಡಪಾಲಿನ ಮೇಲೆ ಏಳು ಮಕ್ಕಳು ಸಾಲಾಗಿ ಮಲಗಿದ್ದವು. ಮುಖದ ತುಂಬ ಸಿಮೆಂಟಿನ ಧೂಳು. ಎರಡನೆಯ ಹುಡುಗಿಯ ಮೈಮೇಲೆ ಗುಲಾಬಿ ಬಣ್ಣದ ಸ್ವೆಟರು. ಕೆಳಗೆ ಕನ್ನಡದಲ್ಲಿ ಬರೆದಿತ್ತು: ಮಕ್ಕಳ ಕಳ್ಳರ ಗ್ಯಾಂಗು ಕೊಪ್ಪಳ ಜಿಲ್ಲೆಗೆ ಬಂದಿದೆ, ಕಿಡ್ನಿ ತೆಗೆದು ಹೆಣ ಎಸೆದು ಹೋಗುತ್ತಾರೆ, ಭಿಕ್ಷೆಯವರ ಹಾಗೆ, ಸಾಮಾನು ಮಾರುವ ಹೆಂಗಸರ ಹಾಗೆ ಬರುತ್ತಾರೆ, ತಡಮಾಡದೆ ಎಲ್ಲ ಗ್ರೂಪಿಗೂ ಕಳಿಸಿ.

ತಾಹೇರ ಚಹಾದ ಕಪ್ಪನ್ನು ನೆಲಕ್ಕಿಟ್ಟ.

"ಇದು ಯಲಬುರ್ಗಾ ಅಲ್ಲ ಹಸೀಬಾ. ಸಿರಿಯಾ. ಇದನ್ನ ನಾನ ತಗದೀನಿ."

ತಾಹೇರನ ಅಪ್ಪ ದಾದೇಸಾಬರು ಗಂಗಾವತಿಯಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಮದುವೆ, ಪಾಸ್‌ಪೋರ್ಟ್ ಸೈಜು, ಹೊಸ ರೈಸ್‌ಮಿಲ್ಲಿನ ಪೂಜೆ. ಅವುಗಳ ಜೊತೆಗೆ ಪೊಲೀಸರು ಕರೆದಾಗ ಹೆಣದ ಫೋಟೋ. ಕಾಲುವೆಯಲ್ಲಿ ತೇಲಿಬಂದ ಗುರುತಿಲ್ಲದ ಹೆಣಗಳನ್ನು ತೆಗೆಯಲು ಊರಿನ ಬೇರೆ ಸ್ಟುಡಿಯೋದವರು ಒಪ್ಪುತ್ತಿರಲಿಲ್ಲ. ದಾದೇಸಾಬರು ಹೋಗುತ್ತಿದ್ದರು, ಕಾಲೇಜಿಗೆ ಹೋಗುವ ಮಗನನ್ನೂ ಕರೆದೊಯ್ಯುತ್ತಿದ್ದರು. ಪ್ರತಿ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಜಾಗ, ತಾರೀಖು, ಮೈಮೇಲಿದ್ದ ಬಟ್ಟೆಯ ಬಣ್ಣ ಬರೆಯುತ್ತಿದ್ದರು. ಹೆಣದ ಮುಂದೆ ಕೈ ನಡುಗದಂತೆ ನಿಲ್ಲುವುದನ್ನು ತಾಹೇರ ಕಲಿತದ್ದು ಕಾಲುವೆಯ ಆ ದಂಡೆಯ ಮೇಲೆ.

ಆ ಕೈಯೇ ಅವನನ್ನು ಮುಂದೆ ಒಯ್ದಿತು. ಹುಬ್ಬಳ್ಳಿಯ ಒಂದು ಪತ್ರಿಕೆ, ಅಲ್ಲಿಂದ ದಿಲ್ಲಿ, ದಿಲ್ಲಿಯಿಂದ ಕಾಶ್ಮೀರ. ಮೂವತ್ತಮೂರನೆಯ ವಯಸ್ಸಿಗೆ ಒಂದು ವಿದೇಶಿ ಸುದ್ದಿಸಂಸ್ಥೆ ಅವನನ್ನು ತೆಗೆದುಕೊಂಡಿತು. ಶ್ರೀಲಂಕಾದ ಯುದ್ಧದ ಕೊನೆಯ ತಿಂಗಳು, ಆಮೇಲೆ ಕಾಬೂಲ್, ಬಾಗ್ದಾದ್, ಸಿರಿಯಾ. ವರ್ಷಕ್ಕೊಮ್ಮೆ ರಮಜಾನಿಗೆ ಊರಿಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮದುವೆಯ ಮಾತು ಎರಡು ಸಲ ಗಟ್ಟಿಯಾಗಿ, ಎರಡು ಸಲವೂ ಅವನು ತಾರೀಖಿಗೆ ಬಾರದೆ ಮುರಿಯಿತು. ಅಪ್ಪ ಸತ್ತಾಗ ಅವನು ಬಾಗ್ದಾದಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡಿದ್ದ; ಮಣ್ಣು ಕೊಟ್ಟದ್ದು ಓಣಿಯ ಮಂದಿ.

ಏಳು ಮಕ್ಕಳ ಫೋಟೋ ಅವನಿಗೆ ದೊಡ್ಡ ಬಹುಮಾನ ತಂದಿತ್ತು. ಯುರೋಪಿನಲ್ಲಿ ಅದನ್ನು ಗೋಡೆಯಷ್ಟು ದೊಡ್ಡದಾಗಿ ತೂಗುಹಾಕಿದ್ದರು. ಸೂಟು ಹಾಕಿಕೊಂಡ ಜನ ಅದರ ಮುಂದೆ ನಿಂತು ಅವನ ಕೈ ಕುಲುಕಿದ್ದರು. ಮೂರು ವರ್ಷದ ನಂತರ ಮೋಸುಲಿನ ಹತ್ತಿರ ಒಂದು ಮಾರ್ಟರ್ ಗುಂಡು ಬಿದ್ದು ಅವನ ಬಲಗಿವಿ ಹೋಯಿತು, ಎಡ ಮೊಣಕಾಲು ಮಡಚದಂತಾಯಿತು. ಸಂಸ್ಥೆ ಆಸ್ಪತ್ರೆಯ ಖರ್ಚು ನೋಡಿಕೊಂಡಿತು, ಒಂದು ಒಳ್ಳೆಯ ಪತ್ರ ಬರೆಯಿತು, ಕೆಲಸದಿಂದ ಬಿಡಿಸಿತು. ನಲವತ್ತಮೂರಕ್ಕೆ ಅವನು ಗಂಗಾವತಿಗೆ ವಾಪಸು ಬಂದಾಗ ಅಪ್ಪನ ಸ್ಟುಡಿಯೋದ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ ಇತ್ತು. ಪಟಾಕಿ ಹಾರಿದರೆ ಅವನು ಮಂಚದ ಕೆಳಗೆ ಸೇರುತ್ತಾನೆ ಎಂಬುದು ಹಸೀಬಾಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅಂದು ಮುಂಜಾನೆ ಅವನು ಸುಮ್ಮನೆ ಕೂರಲಿಲ್ಲ. ಹಸೀಬಾಳ ಗ್ರೂಪುಗಳಲ್ಲಿ ಬರೆದ: ಇದು ಸುಳ್ಳು, ಈ ಫೋಟೋ ೨೦೧೩ರಲ್ಲಿ ಸಿರಿಯಾದಲ್ಲಿ ತೆಗೆದದ್ದು, ತೆಗೆದವನು ನಾನು. ಜೂನ್ ತಿಂಗಳಲ್ಲಿ ಯಲಬುರ್ಗಾದಲ್ಲಿ ಯಾವ ತಾಯಿ ಮಗುವಿಗೆ ಸ್ವೆಟರ್ ತೊಡಿಸುತ್ತಾಳೆ, ನೀವೇ ಯೋಚಿಸಿ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು ಬರೆದರು: "ಖರೇನೋ ಸುಳ್ಳೋ, ಹುಷಾರಿರೂದು ಛಲೋ ಅಲ್ಲೇನ್ರಿ." ಮಧ್ಯಾಹ್ನದ ಹೊತ್ತಿಗೆ ಅದೇ ಗ್ರೂಪಿಗೆ ಅದೇ ಫೋಟೋ ಮತ್ತೆರಡು ಸಲ ಬಂತು.

ಪೊಲೀಸ್ ಠಾಣೆಗೆ ಹೋದ. ಅಲ್ಲಿನ ಸಾಹೇಬರು ಮರ್ಯಾದೆಯಿಂದ ಕೂರಿಸಿದರು.

"ನಮಗೂ ದಿನಾ ಫೋನ್ ಬರಾಕತ್ತಾವ್ರಿ. ಒಂದು ಪ್ರಕಟಣೆ ಹೊರಡಸ್ತೀವಿ. ಆಟೋದಾಗ ಮೈಕ್ ಹಚ್ಚಿ ಹೇಳಸ್ತೀವಿ."

"ಹಳ್ಳಿಗೋಳಿಗೂ ಹೇಳಸ್ರಿ ಸರ್. ಪ್ಯಾಟ್ಯಾಗಿನ ಮಂದಿ ಬರೇ ಮಾತಾಡ್ತಾರ. ಹಳ್ಳ್ಯಾಗ ಹೊಸಬರು ಬಂದ್ರ ತಡದು ನಿಲ್ಲಸ್ತಾರ."

"ಮಾಡೂಣ್ರಿ."

ಆಟೋ ಊರೊಳಗೆ ಎರಡು ಸುತ್ತು ಹಾಕಿತು. ಒಂದು ಪತ್ರಿಕೆ ನಾಲ್ಕನೆಯ ಪುಟದಲ್ಲಿ ಆರು ಸಾಲು ಸುದ್ದಿ ಹಾಕಿತು. ಅದಾದ ಮೂರನೆಯ ದಿನ ಜಾಲಿಹಟ್ಟಿಯಲ್ಲಿ ಸುಂಕಲಮ್ಮನನ್ನು ಕೊಂದರು.

ಸುಂಕಲಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದವಳು. ಭಾಗ್ಯನಗರದಲ್ಲಿ ತಲೆಗೂದಲಿನ ವ್ಯಾಪಾರ ದೊಡ್ಡದು. ಹಳ್ಳಿ ಹಳ್ಳಿಯಿಂದ ಬಂದ ಕೂದಲನ್ನು ಬಿಡಿಸಿ, ತೊಳೆದು, ಅಳತೆಗೆ ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ. ಹಳ್ಳಿಗಳಿಂದ ಅದನ್ನು ತರುವವರು ಸುಂಕಲಮ್ಮನಂಥ ಹೆಂಗಸರು. ಬಾಚುವಾಗ ಉದುರಿದ ಕೂದಲನ್ನು ಮನೆಯ ಹೆಣ್ಣುಮಕ್ಕಳು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ಅದನ್ನು ಕೊಟ್ಟರೆ ಪಿನ್ನು, ರಿಬ್ಬನ್ನು. ಹೆಚ್ಚಿದ್ದರೆ ಒಂದು ಸ್ಟೀಲ್ ಬಟ್ಟಲು. ಮಕ್ಕಳು ಓಡಿ ಹೋಗಿ ಅವ್ವನ ಕೂದಲು ತಂದುಕೊಟ್ಟರೆ ಗಾಳಿ ಊದುವ ಒಂದು ಪುಗ್ಗೆ. ಇಪ್ಪತ್ತೆರಡು ವರ್ಷದಿಂದ ಅವಳು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದಳು. ಜಾಲಿಹಟ್ಟಿ ಮಾತ್ರ ಅವಳಿಗೆ ಹೊಸದು. ಹೋಗುತ್ತಿದ್ದ ಊರಿನ ರಸ್ತೆ ಅಗೆದಿದ್ದರು, ಬಸ್ಸಿನವನು ಅಲ್ಲಿಯೇ ಇಳಿಸಿದ್ದ.

ಮುಂಜಾನೆ ಹನ್ನೊಂದಕ್ಕೆ ಅವಳು ಗುಡಿಯ ಕಟ್ಟೆಯ ಹತ್ತಿರ ಮೂರು ವರ್ಷದ ಒಂದು ಹುಡುಗಿಗೆ ಕೆಂಪು ಪುಗ್ಗೆ ಊದಿಕೊಟ್ಟಳು. ಯಾರೋ ಹೆಸರು ಕೇಳಿದರು, ಹೇಳಿದಳು. ಆಧಾರ್ ಕಾರ್ಡ್ ಕೇಳಿದರು, ಮನೆಯಲ್ಲಿದೆ ಎಂದಳು. ಚೀಲ ಬಿಚ್ಚಿಸಿದರು, ಒಳಗೆ ಕೂದಲು. ಒಬ್ಬ ತನ್ನ ಮೊಬೈಲ್ ತೆಗೆದು ಏಳು ಮಕ್ಕಳ ಫೋಟೋವನ್ನು ಸುತ್ತ ನಿಂತವರಿಗೆಲ್ಲ ತೋರಿಸಿದ. ಹತ್ತು ಮಂದಿ ಇದ್ದದ್ದು ನಲವತ್ತಾಯಿತು. ಮೊದಲು ಕೈ, ಆಮೇಲೆ ಹೊಲಕ್ಕೆ ನೀರು ಹಾಯಿಸುವ ಪೈಪು. "ಮಗಳ ನಂಬರ್ ಚಂಚ್ಯಾಗ ಐತ್ರಿ, ಫೋನ್ ಹಚ್ರಿ" ಎಂದು ಅವಳು ಕೂಗುತ್ತಲೇ ಇದ್ದಳಂತೆ. ಸೊಂಟದ ಚಂಚಿಯಲ್ಲಿ ಎಲೆ ಅಡಿಕೆಯ ನಡುವೆ ನಿಜವಾಗಿಯೂ ಒಂದು ಚೀಟಿ ಇತ್ತು. ಯಾರೂ ಫೋನ್ ಮಾಡಲಿಲ್ಲ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಜೀವ ಹೋಯಿತು. ಪರಮೇಶ ಎಂಬ ಇಪ್ಪತ್ತಮೂರು ವರ್ಷದವನು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಸಂಜೆಯೊಳಗೆ ಅದು ಜಿಲ್ಲೆಯೆಲ್ಲ ಹರಡಿತು.

ಕೊಲೆಯಾದ ಐದನೆಯ ದಿನ ತಾಹೇರ ಭಾಗ್ಯನಗರಕ್ಕೆ ಹೋದ. ಯಾಕೆ ಹೋಗಬೇಕೆಂದು ಹಸೀಬಾ ಕೇಳಿದ್ದಳು. "ಬ್ಯಾಡ ಭಾಯಿ. ಅವರಿಗೇನು ಹೇಳ್ತಿ? ನೀನೇನು ತಪ್ಪು ಮಾಡಿದಿ?" ಅವನು ಬಸ್ಸು ಹತ್ತಿದ.

ಸುಂಕಲಮ್ಮನ ಮಗಳು ಅನ್ನಮ್ಮ ಕೂದಲು ಬಿಡಿಸುವ ಶೆಡ್ಡಿನಲ್ಲಿ ಕೂಲಿ ಮಾಡುತ್ತಿದ್ದವಳು. ಇಪ್ಪತ್ತೆಂಟರ ಹೆಣ್ಣುಮಗಳು, ಗಂಡ ಲಾರಿ ಡ್ರೈವರ್, ಊರಿನಲ್ಲಿರಲಿಲ್ಲ. ತಗಡಿನ ಮನೆಯ ಮುಂದೆ ಗೋಣಿಚೀಲ ಹಾಸಿ ಕೂರಿಸಿದಳು. ಪೇಪರಿನವರು ಎಂದುಕೊಂಡು, ಅಲ್ಲಿಯವರೆಗೆ ಹತ್ತು ಜನಕ್ಕೆ ಹೇಳಿದ್ದನ್ನೇ ಹೇಳಲು ಶುರುಮಾಡಿದಳು.

"ನಾ ಪೇಪರ್‌ನಾಂವ ಅಲ್ಲವ್ವ," ಅಂದ ತಾಹೇರ. "ಆ ಏಳು ಹುಡುಗ್ರ ಫೋಟೋ ಐತಲ್ಲ, ಅದನ್ನ ತಗದಾಂವ ನಾನು."

ಅನ್ನಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅವನನ್ನೇ ನೋಡಿದಳು.

"ಅಂದ್ರ... ಆ ಹುಡುಗ್ರು ಖರೇನ ಸತ್ತಾವೇನ್ರಿ?"

"ಸತ್ತಾವು. ಇಲ್ಲಲ್ಲ. ಭಾಳ ದೂರದ ದೇಶದಾಗ. ಅಲ್ಲಿ ಯುದ್ಧ ನಡದಿತ್ತು. ಅವು ಇದ್ದ ಸಾಲಿ ಮ್ಯಾಲೆ ಬಾಂಬ್ ಬಿತ್ತು."

ಆ ಫೋಟೋ ಅವಳ ಮೊಬೈಲಿನಲ್ಲಿಯೂ ಇತ್ತು; ಅವ್ವ ಸಾಯುವ ಮುಂಚೆ ಯಾರೋ ಕಳಿಸಿದ್ದರು. ತೆಗೆದು ಬಹಳ ಹೊತ್ತು ನೋಡಿದಳು. ಒಂದೊಂದೇ ಮುಖವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಆಮೇಲೆ ಕೇಳಿದಳು:

"ಇವುಗಳ ತಾಯಂದ್ರು ಎಲ್ಲದಾರ್ರಿ? ಹೆಣದ ಹಂತ್ಯಾಕ ಒಬ್ಬಾಕೀನೂ ಇಲ್ಲಲ್ಲ."

ಬಹುಮಾನ ಕೊಟ್ಟವರು, ಗೋಡೆಗೆ ತೂಗುಹಾಕಿದವರು, ಯಾರೂ ಇದನ್ನು ಕೇಳಿರಲಿಲ್ಲ.

ತಾಯಂದಿರು ಅಲ್ಲಿದ್ದರು. ಮೂವರು. ಮಕ್ಕಳ ತಲೆಯ ಕಡೆ ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಒಬ್ಬಳು ಎದೆ ಬಡಿದುಕೊಳ್ಳುತ್ತಿದ್ದಳು, ಒಬ್ಬಳು ಕ್ಯಾಮೆರಾದತ್ತ ಕೈಯೆತ್ತಿ ಬೈಯುತ್ತಿದ್ದಳು. ಅವರ ಹಿಂದಿನ ಗೋಡೆಯ ಮೇಲೆ ಅರಬಿ ಅಕ್ಷರದಲ್ಲಿ ಶಾಲೆಯ ಹೆಸರಿತ್ತು. ಗಡಿಯಾಚೆಯ ಹೋಟೆಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ತಾಹೇರ ಆ ಎಡಭಾಗವನ್ನು ಕತ್ತರಿಸಿದ್ದ. ಬೈಯುವ ಹೆಂಗಸಿನ ಕೈ ಅಡ್ಡ ಬರುತ್ತಿತ್ತು. ಅವಳಿಲ್ಲದೆ ಚಿತ್ರ ಶಾಂತವಾಗಿ, ಶುದ್ಧವಾಗಿ ಕಾಣುತ್ತಿತ್ತು. ಸಂಪಾದಕ ಫೋನ್ ಮಾಡಿ ಹೊಗಳಿದ್ದ: ಇದು ಯಾವ ದೇಶದಲ್ಲಾದರೂ ನಡೆದಿರಬಹುದು ಅನ್ನಿಸುತ್ತದೆ, ಅದೇ ಇದರ ಶಕ್ತಿ. ತಾಹೇರ ಆ ಮಾತನ್ನು ವರ್ಷಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ.

"ಇದ್ರು," ಅಂದ. "ನಾನ ಅವರನ್ನ ಕತ್ತರಿಸಿ ತಗದೆ."

"ಯಾಕ್ರಿ?"

"ಫೋಟೋ ಛಲೋ ಕಾಣ್ಲಿ ಅಂತ."

ಅನ್ನಮ್ಮ ಎದ್ದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟಳು. ಮನೆಗೆ ಬಂದವರಿಗೆ ಇಡುವ ಹಾಗೆ ಇಟ್ಟಳು, ಅಷ್ಟೆ. ಅವನಿಗೆ ಅದನ್ನು ಕುಡಿಯಲಾಗಲಿಲ್ಲ.

ಮಾರನೆಯ ದಿನ ಅವನು ತಾನಾಗಿಯೇ ತನಿಖೆಯವರ ಬಳಿ ಹೋಗಿ ಹೇಳಿಕೆ ಕೊಟ್ಟ. ಕ್ಯಾಮೆರಾದ ಮೂಲ ಫೈಲು ಕೊಟ್ಟ. ಅದರಲ್ಲಿ ತಾರೀಖು ಇತ್ತು, ಅರಬಿ ಅಕ್ಷರ ಇತ್ತು, ಮೂವರು ತಾಯಂದಿರಿದ್ದರು. ಹಬ್ಬಿದ್ದು ಸುಳ್ಳು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ತನಿಖಾಧಿಕಾರಿ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟರು.

"ಸಿರಿಯಾಕ್ಕ ನಿಮ್ಮನ್ನ ಒಳಗ ಕರಕೊಂಡು ಹೋದವರು ಯಾರು?"

"ಅಲ್ಲೀ ಮಂದಿ ಸರ್. ಪತ್ರಕರ್ತರಿಗೆ ದಾರಿ ತೋರಸೋರು ಇರ್ತಾರ."

"ಅವರ ನಂಬರ್ ಅದಾವೇನು ನಿಮ್ಮ ಹಂತ್ಯಾಕ?"

ವಾರದ ನಂತರ ಸಾದಾ ಬಟ್ಟೆಯ ಇಬ್ಬರು ಮನೆಗೆ ಬಂದರು. ಪಾಸ್‌ಪೋರ್ಟಿನ ಪುಟ ಪುಟವನ್ನೂ ಮೊಬೈಲಿನಲ್ಲಿ ತೆಗೆದುಕೊಂಡರು. ಟರ್ಕಿಗೆ ಎಷ್ಟು ಸಲ, ಯಾಕೆ, ಯಾವ ಹೋಟೆಲು, ನಮಾಜಿಗೆ ಯಾವ ಮಸೀದಿಗೆ ಹೋಗುತ್ತೀರಿ, ತಂಗಿಯ ಶಾಲೆಯಲ್ಲಿ ಎಷ್ಟು ಮಕ್ಕಳು. ಸೌಮ್ಯವಾಗಿಯೇ ಕೇಳಿದರು. ಮೂರು ತಿಂಗಳಲ್ಲಿ ನಾಲ್ಕು ಸಲ ಬಂದರು. ಓಣಿಯ ಮಂದಿ ಕಿಟಕಿಯಿಂದ ನೋಡಿದರು. ಪಕ್ಕದ ಮನೆಯ ಬಾಬಾಸಾಬ, ತಾಹೇರನ ಜೊತೆ ದಿನಾ ಚಹಾ ಕುಡಿಯುತ್ತಿದ್ದವನು, ಬೇರೆ ಹೋಟೆಲಿಗೆ ಹೋಗತೊಡಗಿದ. ಕೊಂದವರು ಅಷ್ಟರಲ್ಲಿ ಜಾಮೀನಿನ ಮೇಲೆ ಹೊರಗೆ ಬಂದಿದ್ದರು.

ತಾಹೇರ ಸುದ್ದಿಸಂಸ್ಥೆಗೆ ಪತ್ರ ಬರೆದ. ಈ ಫೋಟೋದಿಂದ ಒಂದು ಜೀವ ಹೋಗಿದೆ; ಕತ್ತರಿಸಿದ ಚಿತ್ರವನ್ನು ತೆಗೆದುಹಾಕಿ, ಪೂರ್ತಿ ಚಿತ್ರವನ್ನು ಹಾಕಿ ಎಂದು ಕೇಳಿದ. ಹನ್ನೆರಡು ದಿನಕ್ಕೆ ಉತ್ತರ ಬಂತು. ನಡೆದದ್ದಕ್ಕೆ ತೀವ್ರ ವಿಷಾದವಿದೆ; ಚಿತ್ರಕ್ಕೆ ಐತಿಹಾಸಿಕ ಮಹತ್ವ ಇರುವುದರಿಂದ ಬದಲಾಯಿಸಲು ಬರುವುದಿಲ್ಲ. ಕೆಳಗೆ ಸಹಿ ಇತ್ತು. ಆ ಹೆಸರಿನವರನ್ನು ಅವನು ಎಂದೂ ಕಂಡಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಹೊರಗೆ ನಿಂತಿದ್ದವನು ಪರಮೇಶ. ವಿಡಿಯೋ ಮಾಡಿದವನು. ತೆಳ್ಳಗಿನ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಜಾಲಿಹಟ್ಟಿಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ಅವನ ಮೇಲೂ ಕೇಸಿತ್ತು, ಆರನೆಯ ಆರೋಪಿ; ಜಾಮೀನಿನ ಮೇಲೆ ಹೊರಗಿದ್ದ. ಬಾಗಿಲಲ್ಲೇ ಬಗ್ಗಿ ತಾಹೇರನ ಕಾಲು ಮುಟ್ಟಲು ಹೋದ. ತಾಹೇರ ಹಿಂದೆ ಸರಿದ.

"ಸರ್, ಒಂದ ಮಾತು. ಒಂದ ಮಾತು ಹೇಳಿ ಹೋಗ್ತೀನ್ರಿ. ನಾ ಕೈ ಹಚ್ಚಿಲ್ಲರಿ. ಬರೇ ವಿಡಿಯೋ ಮಾಡೀನ್ರಿ. ನೀವು ಕೋರ್ಟಿನ್ಯಾಗ ಅಷ್ಟ ಹೇಳ್ರಿ ಸರ್, ವಿಡಿಯೋ ಮಾಡೂದು ತಪ್ಪಲ್ಲ ಅಂತ. ನಿಮ್ಮಂಥವರು ಹೇಳಿದ್ರ ಕೇಳ್ತಾರ್ರಿ."

"ನಾಕು ನಿಮಿಷ ನಿಂತು ಮಾಡಿದಿ. ನಾಕು ನಿಮಿಷದಾಗ ಒಂದು ಫೋನ್ ಹಚ್ಚಾಕ ಬರ್ತಿರಲಿಲ್ಲೇನು? ಪೊಲೀಸರಿಗೆ? ಆಕಿ ಮಗಳಿಗೆ?"

"ಫೋನ್ ಕೈಯಾಗ ಇತ್ತಲ್ರಿ... ವಿಡಿಯೋ ನಡದಿತ್ತು."

ಹುಡುಗ ಇದನ್ನು ಕುಯುಕ್ತಿಯಿಂದ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ. ತಾಹೇರನ ಕೈ ಎದ್ದಿತು. ಹುಡುಗ ತಪ್ಪಿಸಿಕೊಳ್ಳದೆ ನಿಂತ, ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ಗಟ್ಟಿಯಾಯಿತು.

"ಹೊಡೀರಿ ಸರ್. ಹೊಡೀರಿ. ಆದ್ರ ನೀವೂ ಹಂಗ ಮಾಡೀರಲ್ರಿ? ನಿಮ್ಮ ಫೋಟೋ ಎಲ್ಲಾ ನೋಡೀನ್ರಿ ನಾನು, ನೆಟ್‌ನ್ಯಾಗ ಅದಾವ. ಒಬ್ಬಾಂವ ಬೆಂಕ್ಯಾಗ ಓಡಾಕತ್ತಾನ, ನೀವು ತಗದೀರಿ. ಒಬ್ಬ ಮುದುಕನ್ನ ಎಳಕೊಂಡು ಹೊಂಟಾರ, ಎದುರಿಗೆ ನಿಂತು ತಗದೀರಿ. ನಿಮಗ ಬಹುಮಾನ ಕೊಟ್ಟಾರ. ನನ್ನ ಜೈಲಿಗೆ ಹಾಕಿದ್ರು."

ಹಸೀಬಾ ಒಳಗಿನಿಂದ ಬಂದು ಹುಡುಗನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ತಾಹೇರ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅವನಿಗೆ ಉತ್ತರಗಳು ಗೊತ್ತಿದ್ದವು. ಇಪ್ಪತ್ತು ವರ್ಷ ವೇದಿಕೆಗಳ ಮೇಲೆ ಹೇಳಿದ್ದ ಉತ್ತರಗಳು: ನಾವು ಸಾಕ್ಷಿಗಳು, ನಾವು ನೋಡದಿದ್ದರೆ ಜಗತ್ತಿಗೆ ಗೊತ್ತಾಗುವುದಿಲ್ಲ, ನಮ್ಮ ಕೆಲಸ ತಡೆಯುವುದಲ್ಲ. ಅದರಲ್ಲಿ ಒಂದನ್ನೂ ಜಾಲಿಹಟ್ಟಿಯ ಝೆರಾಕ್ಸ್ ಅಂಗಡಿಯವನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಬೆಂಕಿಯಲ್ಲಿ ಓಡಿದವನ ಹೆಸರು ಏನೆಂದು ನೆನಪಿಸಿಕೊಳ್ಳಲು ನೋಡಿದ. ಕೇಳಿಕೊಂಡಿರಲೇ ಇಲ್ಲ.

"ಆ ಹುಡುಗನ್ನ ನಿನ್ನ ಸಮ ಹಿಡೀಬ್ಯಾಡ," ಅಂದಳು ಹಸೀಬಾ. "ನೀ ಯಾರನ್ನೂ ಹೊಡಿಯೋರ ಕೂಡ ಹೋಗಿದ್ದಿಲ್ಲ."

"ಆಂವನೂ ಹೋಗಿದ್ದಿಲ್ಲ. ಗದ್ದಲ ಕೇಳಿ ಅಂಗಡ್ಯಾಗಿಂದ ಎದ್ದು ಬಂದಾನ. ನಾನೂ ಹಂಗ ಹೋಗ್ತಿದ್ದೆ."

ಮೊದಲ ವರ್ಷದ ತಿಥಿ ಹತ್ತಿರ ಬಂದಾಗ ಅನ್ನಮ್ಮನೇ ಫೋನ್ ಮಾಡಿದಳು.

"ಸರ್, ನಮ್ಮವ್ವನ ಫೋಟೋ ಒಂದೂ ಇಲ್ರಿ. ಆಧಾರ್ ಕಾರ್ಡಿನ್ಯಾಗಿಂದು ಕರ್ರಗ ಐತಿ, ಮಾರೀನ ಕಾಣೂದಿಲ್ಲ. ಕಟ್ಟು ಹಾಕಿಸಿ ಇಡಬೇಕಂತ ಮಾಡೀನ್ರಿ. ಸ್ಟುಡಿಯೋಕ್ಕ ಹೋದ್ರ ಆಂವ ಅಂದ, ಆ ವಿಡಿಯೋದಾಗಿಂದ ಬೇಕಾದ್ರ ತಗದು ಕೊಡ್ತೀನಿ ಅಂತ. ಪರರ ಮುಂದ ಅದನ್ನ ಹಚ್ಚಾಕ ನನಗ ಆಗಲಿಲ್ರಿ. ನೀವು ತಗದು ಕೊಡ್ತೀರೇನ್ರಿ?"

ತಾಹೇರ ಒಪ್ಪಿಕೊಂಡ. ವಿಡಿಯೋವನ್ನು ಅವನು ಅಲ್ಲಿಯವರೆಗೆ ಪೂರ್ತಿ ನೋಡಿರಲಿಲ್ಲ. ಅಂದು ಲ್ಯಾಪ್‌ಟಾಪಿಗೆ ಹಾಕಿ, ಒಂದು ಸೆಕೆಂಡಿಗೆ ಮೂವತ್ತು ಚಿತ್ರದಂತೆ, ಬಿಡಿಬಿಡಿಯಾಗಿ ನೋಡತೊಡಗಿದ. ನಡುವಿನಿಂದ ಹಿಡಿದು ಹಿಂದಕ್ಕೆ ಹೋದ, ಏಕೆಂದರೆ ಮುಂದೆ ಹೋದಂತೆ ಮುಖ ಮುಖವಾಗಿ ಉಳಿದಿರಲಿಲ್ಲ. ಮೂರು ಸಲ ಅರ್ಧಕ್ಕೇ ಬಿಟ್ಟು ಎದ್ದು ಹೊರಗೆ ಹೋಗಿಬಂದ. ಮೋಸುಲಿನಲ್ಲಿ ಒಂದು ದಿನವೂ ಹಾಗೆ ಮಾಡಿರಲಿಲ್ಲ.

ಸಿಕ್ಕಿದ್ದು ತೀರ ಶುರುವಿನಲ್ಲಿ, ಎರಡನೆಯ ಸೆಕೆಂಡಿನಲ್ಲಿ. ಪರಮೇಶ ಆಗಷ್ಟೇ ಮೊಬೈಲ್ ಎತ್ತಿ ಹಿಡಿದಿದ್ದ. ಸುತ್ತ ಮಂದಿ ಜೋರು ಮಾತಾಡುತ್ತಿದ್ದರು, ಯಾರೂ ಇನ್ನೂ ಮುಟ್ಟಿರಲಿಲ್ಲ. ಸುಂಕಲಮ್ಮ ಮೊಬೈಲಿನತ್ತ ತಿರುಗಿದ್ದಳು. ತನ್ನ ಫೋಟೋ ತೆಗೆಯುತ್ತಿದ್ದಾನೆ ಎಂದುಕೊಂಡು ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಿದ್ದಳು. ಎಲೆ ಅಡಿಕೆಯಿಂದ ಕೆಂಪಾದ ತುಟಿ, ಮೂಗಿನಲ್ಲಿ ಹರಳಿನ ನತ್ತು, ನಗಬೇಕೋ ಬೇಡವೋ ಎಂಬಂಥ ಅಳುಕಿನ ಒಂದು ನಗೆ. ಫೋಟೋ ತೆಗೆಸಿಕೊಂಡು ರೂಢಿಯಿಲ್ಲದವರ ಮುಖದಲ್ಲಿ ಬರುವ ನಗೆ. ಅವಳ ಹೆಗಲ ಹಿಂದೆ ಒಬ್ಬನ ಮುಷ್ಟಿ ಕಾಣುತ್ತಿತ್ತು.

ತಾಹೇರ ಬಹಳ ಹೊತ್ತು ಆ ಮುಷ್ಟಿಯನ್ನು ನೋಡುತ್ತ ಕೂತ. ಇನ್ನೊಮ್ಮೆ ಏನನ್ನಾದರೂ ಕತ್ತರಿಸಲು ಅವನಿಗೆ ಹೆದರಿಕೆ. ಕೊನೆಗೆ ಅನ್ನಮ್ಮನಿಗೆ ಫೋನ್ ಮಾಡಿ ಕೇಳಿದ: "ಹಿಂದ ಒಬ್ಬಾಂವನ ಕೈ ಕಾಣತೈತವ್ವ. ಬಿಡ್ಲ್ಯಾ, ತಗೀಲ್ಯಾ?"

"ತಗೀರಿ," ಅಂದಳು ಅನ್ನಮ್ಮ, ತಡಮಾಡದೆ. "ನಮ್ಮವ್ವನ ಕೂಡ ನಮ್ಮ ಮನ್ಯಾಗ ಆಂವ ಯಾಕ?"

ತಾಹೇರ ಆ ಕೈಯನ್ನು ತೆಗೆದ. ಕಟ್ಟು ಹಾಕಿಸಿ ತಾನೇ ಒಯ್ದು ಕೊಟ್ಟ. ಅನ್ನಮ್ಮ ಅದನ್ನು ಕೈಯಲ್ಲಿ ಹಿಡಿದು, ಅವ್ವ ನಗುತ್ತಿದ್ದಾಳೆ ಎಂದಳು. ಅದು ಯಾವ ಸೆಕೆಂಡಿನದು ಎಂದು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕೇಸು ಕೊಪ್ಪಳದ ಕೋರ್ಟಿನಲ್ಲಿ ವಿಚಾರಣೆಗೆ ಬರಲು ನಾಲ್ಕು ವರ್ಷ ಹಿಡಿಯಿತು. ಜಾಲಿಹಟ್ಟಿಯ ಹದಿನೇಳು ಸಾಕ್ಷಿಗಳಲ್ಲಿ ಹದಿನೇಳು ಮಂದಿಯೂ ತಿರುಗಿಬಿದ್ದರು. ಒಬ್ಬರು ಅಂದು ಹೊಲದಲ್ಲಿದ್ದರು, ಒಬ್ಬರು ತಾವರಗೇರಾದ ಸಂತೆಗೆ ಹೋಗಿದ್ದರು, ಒಬ್ಬರಿಗೆ ಕಣ್ಣು ಮಂಜು. ಪುಗ್ಗೆ ತೆಗೆದುಕೊಂಡ ಹುಡುಗಿಯ ತಾಯಿ ಮಾತ್ರ ಅಳುತ್ತ ನಿಂತಳು. ಏನು ಕೇಳಿದರೂ ಗೊತ್ತಿಲ್ಲ ಎಂದಳು. ವಿಡಿಯೋದಲ್ಲಿದ್ದ ಮುಖಗಳು ಅಲುಗಾಡಿವೆ, ಖಚಿತವಾಗಿ ಗುರುತಿಸಲು ಬರುವುದಿಲ್ಲ ಎಂದು ಆರೋಪಿಗಳ ವಕೀಲರು ವಾದಿಸಿದರು. ತಾಹೇರನ ಸರದಿ ಬಂದಾಗ ಅವರು ಒಂದು ಹಾಳೆ ಹಿಡಿದು ಎದ್ದು ನಿಂತರು.

"ಘಟನೆ ನಡೆದಾಗ ನೀವು ಜಾಲಿಹಟ್ಟಿಯೊಳಗಿದ್ರೇನು?"

"ಇಲ್ರಿ."

"ಸಿರಿಯಾಕ್ಕ ಎಷ್ಟು ಸಲ ಹೋಗೀರಿ?"

"ನಾಕು ಸಲ."

"ಈ ಫೋಟೋ ನೀವ ತಿದ್ದಿದ್ದು ಅಂತ ಪೊಲೀಸರ ಮುಂದ ಒಪ್ಪಿಕೊಂಡೀರಿ."

"ತಿದ್ದಿಲ್ರಿ. ಒಂದು ಭಾಗ ಕತ್ತರಿಸೀನಿ."

"ಯಾವ ಭಾಗ?"

"ಯಾವ ದೇಶ ಅಂತ ಗೊತ್ತಾಗೂ ಭಾಗ."

ಕೋರ್ಟಿನಲ್ಲಿ ಯಾರೋ ಸಣ್ಣಗೆ ನಕ್ಕರು. ವಕೀಲರು ನಗಲಿಲ್ಲ. ನಿಧಾನವಾಗಿ ಕನ್ನಡಕ ತೆಗೆದರು.

"ಅಂದ್ರ ಇದನ್ನ ನೋಡಿದಾಂವಗ ಇದು ನಮ್ಮೂರಿನ ಹುಡುಗ್ರು ಅಂತ ಅನ್ನಿಸಿದ್ರ, ಅದು ಆಂವನ ತಪ್ಪೋ, ನಿಮ್ಮ ತಪ್ಪೋ?"

ಸರ್ಕಾರಿ ವಕೀಲರು ಆಕ್ಷೇಪ ಎತ್ತಿದರು. ನ್ಯಾಯಾಧೀಶರು ಪ್ರಶ್ನೆಯನ್ನು ಕೈಬಿಡಿಸಿದರು. ಉತ್ತರಿಸುವ ಅಗತ್ಯ ಇರಲಿಲ್ಲ. ಆದರೂ ತಾಹೇರ ಹೇಳಿದ.

"ಇಬ್ಬರದೂ. ಆದ್ರ ಪೈಪು ಹಿಡಿದಿದ್ದು ಆಂವ."

ಆ ಮಾತು ದಾಖಲೆಗೆ ಹೋಗಲಿಲ್ಲ.

ಅನುಮಾನದ ಲಾಭ ಕೊಟ್ಟು ಎಲ್ಲರನ್ನೂ ಬಿಟ್ಟರು. ತೀರ್ಪು ಓದಿ ಮುಗಿಸಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಹೊರಗೆ ಜಾಲಿಹಟ್ಟಿಯಿಂದ ಎರಡು ಟ್ರಾಕ್ಸ್ ತುಂಬ ಮಂದಿ ಬಂದಿದ್ದರು. ಹೂವಿನ ಹಾರ ಯಾರೂ ತಂದಿರಲಿಲ್ಲ, ಕೂಗಾಟವೂ ಇರಲಿಲ್ಲ. ಹೆಂಗಸರು ಗಂಡಂದಿರ ತೋಳು ಹಿಡಿದು ಬಿಸಿಲಲ್ಲೇ ಅತ್ತರು. ಪರಮೇಶ ದೂರ ನಿಂತಿದ್ದ. ಒಮ್ಮೆ ತಾಹೇರನತ್ತ ನೋಡಿ, ಮುಖ ತಿರುಗಿಸಿ ಗಾಡಿ ಹತ್ತಿದ. ಮೇಲ್ಮನವಿಗೆ ಹೋಗೋಣ ಎಂದು ಸರ್ಕಾರಿ ವಕೀಲರು ಅನ್ನಮ್ಮನಿಗೆ ಹೇಳಿ, ಇನ್ನೊಂದು ಕೇಸಿಗೆ ಓಡಿದರು.

ಗೇಟಿನ ಹತ್ತಿರ ಬೇವಿನ ಮರದ ನೆರಳಲ್ಲಿ ಅನ್ನಮ್ಮ ನಿಂತಿದ್ದಳು. ತಾಹೇರ ಕಾಲೆಳೆಯುತ್ತ ಅವಳ ಹತ್ತಿರ ಹೋದ. ಹೈಕೋರ್ಟಿಗೆ ಹೋಗಲು ತನಗೆ ಗೊತ್ತಿದ್ದ ವಕೀಲರಿದ್ದಾರೆ, ತಾನು ಮಾತಾಡುತ್ತೇನೆ, ತಾನೇ ಜೊತೆಗೆ ಬರುತ್ತೇನೆ ಎಂದ. ಅನ್ನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ಬ್ಯಾಡ್ರಿ ಸರ್. ನಾಕು ವರ್ಷ ಆತು, ತಾರೀಖ ಬಂದಾಗೆಲ್ಲಾ ಶೆಡ್ಡಿಗೆ ರಜಾ ಹಾಕಿ ಬಂದೆ. ಸಾಕಾಗೈತಿ."

"ಹಂಗಂದ್ರ ಹೆಂಗವ್ವ. ಬಿಟ್ಟುಬಿಟ್ರ..."

"ಇನ್ನೊಂದು ಮಾತು," ಅವಳು ಅವನನ್ನು ತಡೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪು ತಿಳಕೋಬ್ಯಾಡ್ರಿ. ನೀವು ಛಲೋ ಮಂದಿ, ಯಾರೂ ಬರದಾಗ ಬಂದೀರಿ. ಆದ್ರ ಇನ್ನ ಮ್ಯಾಲೆ ನಮ್ಮನಿಗೆ ಬರಬ್ಯಾಡ್ರಿ. ಫೋನೂ ಹಚ್ಚಬ್ಯಾಡ್ರಿ. ನಿಮ್ಮನ್ನ ನೋಡಿದಾಗೊಮ್ಮೆ ನಾ ಮತ್ತ ಆ ಊರಾಗ ಹೋಗಿ ನಿಂತಂಗ ಆಗ್ತೈತ್ರಿ."

ತಾಹೇರ ತಲೆಯಾಡಿಸಿದ. ಭಾಗ್ಯನಗರದ ಕಡೆ ಹೋಗುವ ಆಟೋ ಬಂತು. ಒಳಗೆ ಮೊದಲೇ ಐದು ಜನ ಇದ್ದರು. ಅವರು ಒತ್ತಿ ಕೂತು ಜಾಗ ಮಾಡಿಕೊಟ್ಟರು, ಅನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. ಆಟೋ ಹೋದ ಮೇಲೆ ಅವನು ಬಸ್ ನಿಲ್ದಾಣದತ್ತ ನಡೆದ. ಗಂಗಾವತಿಯ ಬಸ್ಸು ಈಗಷ್ಟೇ ಹೋಯಿತು, ಮುಂದಿನದಕ್ಕೆ ಮುಕ್ಕಾಲು ತಾಸು ಎಂದರು. ಮುಂದೆ ಸರ್ಕಾರದಿಂದಲೂ ಮೇಲ್ಮನವಿ ಹೋಗಲಿಲ್ಲ.